ರೆಸಿಡೆನ್ಸಿ ಆನ್‌ಲೈನ್ ಸಂದರ್ಶನ: ದಯವಿಟ್ಟು ಇದನ್ನು ವೈವಾ ಅಂದುಕೊಳ್ಳಬೇಡಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಬಂತು, ಅಮೆರಿಕದ ರೆಸಿಡೆನ್ಸಿ (ಎಂಬಿಬಿಎಸ್ ನಂತರದ ಸ್ಪೆಷಲಿಸ್ಟ್ ತರಬೇತಿ) ಸಂದರ್ಶನದ ಕರೆಗಳು ಶುರುವಾಗಿವೆ. ನಾನು ಓದಿದ್ದು ಕರ್ನಾಟಕದ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ, ಈಗ ಮಿಡ್‌ವೆಸ್ಟ್‌ನ ಒಂದು ಆಸ್ಪತ್ರೆಯಲ್ಲಿ ಇಂಟರ್ನಲ್ ಮೆಡಿಸಿನ್ ಫ್ಯಾಕಲ್ಟಿ. ಅಕ್ಟೋಬರ್‌ನಿಂದ ಜನವರಿವರೆಗೆ ಅಭ್ಯರ್ಥಿಗಳನ್ನು ಜೂಮ್‌ನಲ್ಲಿ ಮಾತನಾಡಿಸುವ ಕೆಲಸ ನನಗೂ ಬರುತ್ತದೆ. ಪಟ್ಟಿಯಲ್ಲಿ ನಮ್ಮ ಕಡೆಯ ಕಾಲೇಜಿನ ಹೆಸರು ಕಂಡರೆ ಖುಷಿಯಾಗುತ್ತದೆ. ಆದರೆ ಆ ಖುಷಿ ಎಷ್ಟೋ ಸಲ ಮೊದಲ ಐದು ನಿಮಿಷದಲ್ಲೇ ಇಳಿದುಹೋಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಕೋರು ಚೆನ್ನಾಗಿರುತ್ತದೆ. ಶಿಫಾರಸು ಪತ್ರಗಳು ಚೆನ್ನಾಗಿರುತ್ತವೆ. ಆದರೆ ಕ್ಯಾಮೆರಾ ಮುಂದೆ ಕೂತ ತಕ್ಷಣ ಫೈನಲ್ ಇಯರ್ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬಂದವರ ಹಾಗಾಗಿಬಿಡುತ್ತಾರೆ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಬಾಯಿಪಾಠ. ಎಲ್ಲಿ ತಪ್ಪು ಹಿಡಿಯುತ್ತಾರೋ ಅನ್ನುವ ಭಯ ಮುಖದಲ್ಲೇ ಕಾಣುತ್ತದೆ. ಇದು ಅವರ ತಪ್ಪಲ್ಲ. ಪಿಯುಸಿ ಆದ ಮೇಲೆ ನೀಟ್, ಎಂಬಿಬಿಎಸ್ ಆದ ಮೇಲೆ ನೀಟ್ ಪಿಜಿ, ರ‍್ಯಾಂಕ್ ನೋಡಿ ಕೌನ್ಸೆಲಿಂಗ್‌ನಲ್ಲಿ ಸೀಟು. ನಮ್ಮ ವ್ಯವಸ್ಥೆಯಲ್ಲಿ ಸ್ಪೆಷಲಿಸ್ಟ್ ಆಗುವ ತನಕ ಯಾರೂ ಎದುರಿಗೆ ಕೂರಿಸಿಕೊಂಡು "ನೀನು ಯಾರು, ಯಾಕೆ ಈ ವಿಭಾಗ ಬೇಕು" ಅಂತ ಕೇಳುವುದೇ ಇಲ್ಲ. ಹಾಗಾಗಿ ಎಷ್ಟೋ ಜನಕ್ಕೆ ಈ ಜೂಮ್ ಕರೆಯೇ ಜೀವನದ ಮೊದಲ ಸಂದರ್ಶನ. ಗೊತ್ತಿರುವುದು ವೈವಾ ಒಂದೇ, ಅದನ್ನೇ ಇಲ್ಲೂ ಮಾಡುತ್ತಾರೆ.

ನಾವು ಈ ಕಡೆ ಕೂತು ನೋಡುವುದು ಬೇರೆ. ನಿಮಗೆ ಮೆಡಿಸಿನ್ ಎಷ್ಟು ಗೊತ್ತು ಅನ್ನುವುದು ಅಮೆರಿಕದ ವೈದ್ಯ ಲೈಸೆನ್ಸ್ ಪರೀಕ್ಷೆಯ ಎರಡನೇ ಹಂತ, ಸ್ಟೆಪ್ 2ರ ಅಂಕದಲ್ಲಿ ಆಗಲೇ ಇದೆ. 2022ರ ಜನವರಿಯಿಂದ ಸ್ಟೆಪ್ 1 ಬರೀ ಪಾಸು-ಫೇಲು ಆಗಿದೆ. ಅಂಕ ನೋಡಿ ಜನರನ್ನು ಬೇರೆ ಮಾಡುವುದು ಮೊದಲಿನಷ್ಟು ಸುಲಭ ಅಲ್ಲ, ಸಂದರ್ಶನದ ತೂಕ ಜಾಸ್ತಿಯಾಗಿದೆ. ನಾವು ಕೇಳಿಕೊಳ್ಳುವುದು ಇಷ್ಟೇ: ಈ ಮನುಷ್ಯನ ಜೊತೆ ಮೂರು ವರ್ಷ ವಾರ್ಡಿನಲ್ಲಿ ಕೆಲಸ ಮಾಡಬಹುದಾ? ರಾತ್ರಿ ಎರಡು ಗಂಟೆಗೆ ರೋಗಿ ಕೆಟ್ಟರೆ ಸಂಕೋಚ ಬಿಟ್ಟು ಸೀನಿಯರ್‌ಗೆ ಫೋನ್ ಮಾಡುತ್ತಾರಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರಾ?

ಪ್ರಶ್ನೆಗಳಿದ್ದರೆ ಇಲ್ಲೇ ಕೇಳಿ. ಡ್ಯೂಟಿ ನೋಡಿಕೊಂಡು ಉತ್ತರಿಸುತ್ತೇನೆ.

ಬಿಸಿಲನಾಡು:

ಸರ್, ತುಂಬಾ ಥ್ಯಾಂಕ್ಸ್. ನಾನು ಕಲಬುರಗಿ ಕಡೆಯವನು, ಇಂಟರ್ನ್‌ಶಿಪ್ ಮುಗಿಸಿ ಒಂದು ವರ್ಷ ಪಿಎಚ್‌ಸಿಯಲ್ಲಿ ಕೆಲಸ ಮಾಡಿದೆ. ಈ ಸಲ ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕಿದ್ದೇನೆ. ಮೊದಲ ಕರೆ ಬಂದಿದೆ, ನವೆಂಬರ್ ಮಧ್ಯದಲ್ಲಿ ಸಂದರ್ಶನ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದರೆ ಏನು ಹೇಳಬೇಕು ಅನ್ನುವುದೇ ತಲೆನೋವು. ಈಗ ಬರೆದುಕೊಂಡಿರುವುದು ಹೀಗಿದೆ: ನಾನು ಶ್ರಮಜೀವಿ, ಸಹಾನುಭೂತಿ ಇರುವ ವೈದ್ಯ, ಚಿಕ್ಕಂದಿನಿಂದ ಜನಸೇವೆ ಮಾಡುವ ಆಸೆ, ಟೀಮ್ ಪ್ಲೇಯರ್, ನಿಮ್ಮ ಪ್ರೋಗ್ರಾಂನ ಸಂಶೋಧನೆ ಮತ್ತು ವೈವಿಧ್ಯ ನನ್ನನ್ನು ಸೆಳೆಯಿತು. ಇದು ಸಾಕಾಗುತ್ತಾ?

ತುಂಗಾತೀರ:

ಇಲ್ಲ ತಮ್ಮಾ, ಸಾಕಾಗಲ್ಲ. ಇದರಲ್ಲಿ ನೀನು ಎಲ್ಲೂ ಇಲ್ಲ. ಇದೇ ಮಾತನ್ನು ನಿನಗಿಂತ ಮುಂಚೆ ಬಂದವರು ಹೇಳಿರುತ್ತಾರೆ, ನಿನ್ನ ನಂತರ ಬರುವವರೂ ಹೇಳುತ್ತಾರೆ.

ಪಿಎಚ್‌ಸಿಯಲ್ಲಿ ಒಂದು ವರ್ಷ ಇದ್ದೆ ಅಂದೆಯಲ್ಲ. ಅಲ್ಲಿ ನೋಡಿದ ಒಬ್ಬ ರೋಗಿಯ ಬಗ್ಗೆ ಇಲ್ಲಿ ಬರೆ. ಗುರುತು ಸಿಗುವಂಥದ್ದು ಏನೂ ಬೇಡ, ನೀನು ಏನು ನೋಡಿದೆ, ಏನು ಮಾಡಿದೆ ಅಷ್ಟು ಸಾಕು.

ಬಿಸಿಲನಾಡು:

ಸರ್, ನೆನಪಿರುವುದು ಅಂದರೆ ಕ್ರಿಮಿನಾಶಕ ಕುಡಿದು ಬಂದ ಒಬ್ಬ ರೈತ. ಸಂಜೆ ಹೊತ್ತು, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮಲಗಿಸಿಕೊಂಡು ಬಂದಿದ್ದರು. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಆ ವಿಷಕ್ಕೆ ಕೊಡುವ ಔಷಧಿ ಅಟ್ರೊಪಿನ್, ನಮ್ಮಲ್ಲಿ ಅದರ ಆಂಪ್ಯೂಲ್ 0.6 ಮಿಲಿಗ್ರಾಂದು, ಮೊದಲ ಡೋಸಿಗೇ ಐದು ಆಂಪ್ಯೂಲ್ ಒಡೆಯಬೇಕು. ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿ ಮಾಡುತ್ತಾ ಹೋಗಬೇಕಲ್ಲ, ಸಿಸ್ಟರ್ ಒಬ್ಬರೇ ಒಡೆಯುತ್ತಿದ್ದರು, ಅವರ ಬೆರಳೂ ಕೊಯ್ದುಕೊಂಡಿತ್ತು. ನಾನು ಎದೆ ಕೇಳುತ್ತಾ ನಾಡಿ ಎಣಿಸುತ್ತಾ ಕೂತಿದ್ದೆ. ಇನ್ನು ಎಷ್ಟು ಆಂಪ್ಯೂಲ್ ಉಳಿದಿವೆ ಅಂತ ಲೆಕ್ಕ ಹಾಕಿ ಪಕ್ಕದ ಪಿಎಚ್‌ಸಿಗೆ ಫೋನ್ ಮಾಡಿ ತರಿಸಿದೆವು. ಜಿಲ್ಲಾಸ್ಪತ್ರೆಯ ಮೆಡಿಸಿನ್ ಡ್ಯೂಟಿ ಡಾಕ್ಟರ್ ಜೊತೆ ಫೋನ್‌ನಲ್ಲೇ ಇದ್ದೆ. ಎದೆ ಸ್ವಲ್ಪ ತಿಳಿಯಾದ ಮೇಲೆ 108ರಲ್ಲಿ ನಾನೇ ಜೊತೆಗೆ ಹೋದೆ. ಬದುಕಿದರು ಸರ್. ಆಮೇಲೆ ಆಶಾ ಕಾರ್ಯಕರ್ತೆ ಜೊತೆ ಅವರ ಮನೆಗೂ ಹೋಗಿ ಬಂದೆ, ಸಾಲದ ವಿಷಯ, ಕುಡಿತದ ವಿಷಯ ಎಲ್ಲಾ ಆಗ ಗೊತ್ತಾಯಿತು.

ಆದರೆ ಅಮೆರಿಕದವರಿಗೆ ಇದೆಲ್ಲ ಯಾಕೆ ಬೇಕು ಅನ್ನಿಸಿ, ಇದನ್ನು ಹೇಳಬೇಕು ಅಂತ ನಾನು ಅಂದುಕೊಂಡೇ ಇರಲಿಲ್ಲ.

ತುಂಗಾತೀರ:

ನೋಡು, ಇದೇ ನಿನ್ನ ಸಂದರ್ಶನ. ಇದಕ್ಕಿಂತ ಒಳ್ಳೆಯದನ್ನು ಯಾವ ಕೋಚಿಂಗ್‌ನವರೂ ಬರೆದುಕೊಡಲಾರರು.

ಇದರಲ್ಲಿ ಏನೇನಿದೆ ಅಂತ ಸಂದರ್ಶಕನ ಕಣ್ಣಿಂದ ಹೇಳುತ್ತೇನೆ. ನೀನು ಪಾಪೆ ನೋಡುತ್ತಾ ಕೂರಲಿಲ್ಲ, ಎದೆ ಮತ್ತು ನಾಡಿ ನೋಡಿ ಡೋಸ್ ಏರಿಸಿದೆ, ಅಂದರೆ ಕೆಲಸ ಗೊತ್ತು. ಔಷಧಿ ಮುಗಿಯುವ ಮುಂಚೆಯೇ ಲೆಕ್ಕ ಹಾಕಿದೆ. ಸೀನಿಯರ್‌ಗೆ ಫೋನ್ ಮಾಡಿದೆ. ಸಿಸ್ಟರ್ ಬೆರಳು ಕೊಯ್ದದ್ದು ನಿನ್ನ ಕಣ್ಣಿಗೆ ಬಿದ್ದಿದೆ, ಅಂದರೆ ಜೊತೆಗೆ ಕೆಲಸ ಮಾಡುವವರನ್ನು ನೋಡುತ್ತೀಯ. ಆಮೇಲೆ ಮನೆಗೂ ಹೋಗಿ ಬಂದೆ. "ಟೀಮ್ ಪ್ಲೇಯರ್" ಅನ್ನುವುದನ್ನು ನೀನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

"ನಾವು ಮಾಡಿದೆವು, ತರಿಸಿದೆವು" ಅನ್ನುವುದು ನಮ್ಮ ಕಡೆಯ ಸಭ್ಯತೆ. ಅಲ್ಲಿ ಅದನ್ನು ಕೇಳಿದವರಿಗೆ ನೀನು ಸ್ವತಃ ಏನು ಮಾಡಿದೆ ಅನ್ನುವುದು ತಿಳಿಯುವುದಿಲ್ಲ. ಸಿಸ್ಟರ್ ಮಾಡಿದ್ದನ್ನು ಸಿಸ್ಟರ್ ಮಾಡಿದರು ಅನ್ನು, ನೀನು ಮಾಡಿದ್ದನ್ನು ನಾನು ಮಾಡಿದೆ ಅನ್ನು. ಅದು ಜಂಬ ಅಲ್ಲ. ಎರಡು ನಿಮಿಷದಲ್ಲಿ ಮುಗಿಸು, ಮತ್ತೆ ಪದ ಪದ ಬಾಯಿಪಾಠ ಮಾಡಬೇಡ. ಇಂಥವು ಒಂದು ಆರೇಳು ತಲೆಯಲ್ಲಿರಲಿ. ಜಗಳದ್ದು ಒಂದು, ಎಡವಿದ್ದು ಒಂದು, ಕೆಟ್ಟ ಸುದ್ದಿ ಹೇಳಬೇಕಾಗಿ ಬಂದದ್ದು ಒಂದು. ಯಾವ ಪ್ರಶ್ನೆ ಬಂದರೂ ಅದರಲ್ಲೊಂದು ಒಗ್ಗುತ್ತದೆ.

ಹಳೇಬ್ಯಾಚ್:

ನಾನು 2020ಕ್ಕಿಂತ ಮುಂಚೆ ಮ್ಯಾಚ್ ಆದವನು, ಅಂದರೆ ಅಭ್ಯರ್ಥಿಗಳು ಮತ್ತು ಆಸ್ಪತ್ರೆಗಳು ಕೊಡುವ ರ‍್ಯಾಂಕ್ ಪಟ್ಟಿ ಹೊಂದಿಸಿ ಸೀಟು ಹಂಚುವ ವ್ಯವಸ್ಥೆಯಲ್ಲಿ ಜಾಗ ಸಿಕ್ಕವನು. ಆಗ ಹೇಗಿತ್ತು ಅಂತ ಈಗಿನವರಿಗೆ ಗೊತ್ತಿರಲಿ. ಸಂದರ್ಶನಕ್ಕೆ ಅಂತಲೇ ವಿಸಿಟರ್ ವೀಸಾ ಬೇಕಿತ್ತು, ಅದಕ್ಕೆ ಚೆನ್ನೈಗೆ ಓಡಬೇಕು. ವೀಸಾ ಆಗದಿದ್ದರೆ ಸ್ಕೋರು ಎಷ್ಟಿದ್ದರೂ ಆ ವರ್ಷ ಮುಗಿಯಿತು. ಸಿಕ್ಕರೆ ಸೂಟ್‌ಕೇಸ್ ಹಿಡಿದು ಚಳಿಗಾಲದ ಮೂರ್ನಾಲ್ಕು ತಿಂಗಳು ಊರೂರು ಅಲೆಯಬೇಕು. ಇವತ್ತು ಡೆಟ್ರಾಯ್ಟ್, ನಾಳಿದ್ದು ಬ್ರೂಕ್ಲಿನ್, ಮುಂದಿನ ವಾರ ಟೆಕ್ಸಸ್. ದುಡ್ಡು ಉಳಿಸೋಕೆ ರಾತ್ರಿ ಬಸ್ಸಿನಲ್ಲಿ ಪ್ರಯಾಣ, ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಟಾಯ್ಲೆಟ್‌ನಲ್ಲಿ ಟೈ ಕಟ್ಟಿಕೊಂಡು ಸಂದರ್ಶನಕ್ಕೆ ಹೋದವರು ನಮ್ಮ ಗುಂಪಿನಲ್ಲಿ ಬೇಕಾದಷ್ಟು ಜನ. ಯಾರದೋ ಸಂಬಂಧಿಕರ ಮನೆ ಸೋಫಾ ಮೇಲೆ ವಾರಗಟ್ಟಲೆ ಮಲಗುವುದು. ಊರಲ್ಲಿ ಅಪ್ಪ ಸೈಟು ಅಡ ಇಟ್ಟಿರುತ್ತಿದ್ದರು.

ಅದರಲ್ಲಿ ಒಳ್ಳೆಯದೂ ಇತ್ತು, ಸುಳ್ಳು ಹೇಳಬಾರದು. ಹಿಂದಿನ ರಾತ್ರಿ ರೆಸಿಡೆಂಟ್‌ಗಳ ಜೊತೆ ಊಟ ಇರುತ್ತಿತ್ತು. ಅವರ ಕಣ್ಣು ನೋಡಿದರೆ ಸಾಕು, ಅಲ್ಲಿ ಜನ ನೆಮ್ಮದಿಯಾಗಿದ್ದಾರಾ ಇಲ್ಲವಾ ಅಂತ ಗೊತ್ತಾಗುತ್ತಿತ್ತು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಡೆಯುವಾಗ ನರ್ಸ್ ಮತ್ತು ಡಾಕ್ಟರ್ ಹೇಗೆ ಮಾತಾಡಿಕೊಳ್ಳುತ್ತಾರೆ ಅಂತ ಕಿವಿಗೆ ಬೀಳುತ್ತಿತ್ತು. ಜೂಮ್‌ನಲ್ಲಿ ಅದೆಲ್ಲಿ ಬರಬೇಕು?

ಈಗ ಕೆಲವು ವಿಭಾಗಗಳಲ್ಲಿ, ಕೆಲವು ಪ್ರೋಗ್ರಾಂಗಳಲ್ಲಿ ಮತ್ತೆ ಮುಖಾಮುಖಿ ಸಂದರ್ಶನ ಬೇಕು ಅನ್ನುವ ಮಾತು ಎದ್ದಿದೆ. ನನಗೂ ಒಮ್ಮೊಮ್ಮೆ ಹೌದು ಅನ್ನಿಸುತ್ತದೆ. ಒಂದು ದಿನ ಬಂದು ನೋಡದೆ ಮೂರು ವರ್ಷದ ಜೀವನ ಬರೆದುಕೊಡುವುದು ಹೇಗೆ?

ಕಾಫಿಸೀಮೆ:

ಅಣ್ಣಾ, ನಿಮ್ಮ ಕಷ್ಟಕ್ಕೆ ಗೌರವ ಇದೆ. ಆದರೆ ಈ ವಿಷಯದಲ್ಲಿ ನಾನು ಒಪ್ಪಲ್ಲ.

ನಾನು ಚಿಕ್ಕಮಗಳೂರು ಜಿಲ್ಲೆಯವಳು, ಈಗ ಸೈಕಿಯಾಟ್ರಿ ರೆಸಿಡೆಂಟ್. ಕೋವಿಡ್ ಬಂದು 2020-21ರಲ್ಲಿ ಎಲ್ಲವೂ ಆನ್‌ಲೈನ್ ಆಗದೇ ಇದ್ದಿದ್ದರೆ ನಾನು ಈ ದಾರಿ ಹಿಡಿಯುತ್ತಲೇ ಇರಲಿಲ್ಲ. ಪರೀಕ್ಷೆಗಳಿಗೇ ಲಕ್ಷಗಟ್ಟಲೆ ಖರ್ಚು, ಅದರ ಮೇಲೆ ಅರ್ಜಿ ಶುಲ್ಕ. 2025ರ ಲೆಕ್ಕದಲ್ಲಿ ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, ಅದರ ಮೇಲೆ ಒಂದೊಂದಕ್ಕೂ 30 ಡಾಲರ್. ನಮ್ಮವರು ನೂರಕ್ಕೂ ಜಾಸ್ತಿ ಹಾಕುತ್ತಾರೆ, ಅಷ್ಟಕ್ಕೇ ಎರಡೂವರೆ ಸಾವಿರ ಡಾಲರ್ ಮೇಲೆ ಹೋಯಿತು. ಇದರ ಮೇಲೆ ವಿಮಾನ, ಹೋಟೆಲ್, ಚಳಿ ಕೋಟು ಅಂತ ಸೇರಿಸಿದರೆ ಯಾರು ಉಳಿಯುತ್ತಾರೆ? ದುಡ್ಡಿರುವ ಮನೆಯ ಮಕ್ಕಳು. ಮುಖಾಮುಖಿ ಐಚ್ಛಿಕ ಅಂತ ಇಟ್ಟರೂ ಅಷ್ಟೇ. ಬಂದವರ ಮುಖ ನೆನಪಿರುತ್ತದೆ, ಬಾರದವರು ಪಟ್ಟಿಯಲ್ಲಿ ಕೆಳಗೆ ಜಾರುತ್ತಾರೆ. ಅರ್ಧ ಜನ ಪರದೆಯಲ್ಲಿ, ಅರ್ಧ ಜನ ಎದುರಿಗೆ ಅನ್ನುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ಕೂಡ ಆನ್‌ಲೈನ್ ಪರವಾಗಿಯೇ ಸಲಹೆ ಕೊಟ್ಟಿದೆ.

ಜಾಗ ನೋಡಲಾಗಲ್ಲ ಅನ್ನುವುದು ನಿಜ. ಅದಕ್ಕೆ ನಾನು ಕಂಡುಕೊಂಡ ದಾರಿ ರೆಸಿಡೆಂಟ್‌ಗಳ ಜೊತೆಗಿನ ಸೆಷನ್. ಅಲ್ಲಿ ಫ್ಯಾಕಲ್ಟಿ ಇರುವುದಿಲ್ಲ. "ನಿಮ್ಮ ಪ್ರೋಗ್ರಾಂ ಹೇಗಿದೆ" ಅಂತ ಕೇಳಿದರೆ ಎಲ್ಲರೂ "ನಾವೆಲ್ಲ ಒಂದು ಕುಟುಂಬ" ಅನ್ನುತ್ತಾರೆ. ಹಾಗೆ ಕೇಳಬೇಡಿ. ರಾತ್ರಿ ಪಾಳಿಯಲ್ಲಿ ಒಬ್ಬ ಇಂಟರ್ನ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಾರೆ, ಹುಷಾರಿಲ್ಲ ಅಂದರೆ ಯಾರು ಡ್ಯೂಟಿ ಮಾಡುತ್ತಾರೆ, ಕಳೆದ ಎರಡು ವರ್ಷದಲ್ಲಿ ಯಾರಾದರೂ ಮಧ್ಯದಲ್ಲೇ ಬಿಟ್ಟು ಹೋದರಾ, ಈ ವರ್ಷ ಮುಗಿಸಿದವರು ಎಲ್ಲಿಗೆ ಹೋದರು. ಉತ್ತರಕ್ಕಿಂತ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ನಾದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತ ಅರ್ಥ. ಅದು ಜೂಮ್‌ನಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಹಳೇಬ್ಯಾಚ್:

ಈ ಮಾತು ಒಪ್ಪಬೇಕಾದ್ದೇ ತಂಗಿ. ಅರ್ಧ ಹಾಗೆ ಅರ್ಧ ಹೀಗೆ ಬೇಡ. ಆದರೆ ಆನ್‌ಲೈನ್‌ನಿಂದ ಇನ್ನೊಂದು ತೊಂದರೆ ಆಗಿದೆ. ನಮ್ಮ ಕಾಲದಲ್ಲಿ ಎಷ್ಟೇ ದೊಡ್ಡ ಸ್ಕೋರಿನವನಾದರೂ ದೇಹ ಒಂದೇ, ದಿನಕ್ಕೆ ಒಂದು ಊರು. ಈಗ ಮನೆಯಲ್ಲೇ ಕೂತು ವಾರಕ್ಕೆ ಐದು ಕೊಡಬಹುದು. ಮೇಲಿನವರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರೆ ಉಳಿದವರಿಗೆ ಏನು?

ತುಂಗಾತೀರ:

ಅದು ನಿಜವಾದ ಸಮಸ್ಯೆ ಸರ್. ಸಿಗ್ನಲ್ ಅನ್ನುವ ವ್ಯವಸ್ಥೆ ಇಷ್ಟು ಬಲವಾದದ್ದೇ ಅದಕ್ಕೆ. ಹೊಸಬರಿಗೆ ಹೇಳುತ್ತೇನೆ: ಅರ್ಜಿ ಹಾಕುವಾಗಲೇ "ನಿಮ್ಮಲ್ಲಿಗೆ ಬರುವ ಮನಸ್ಸು ನನಗೆ ನಿಜವಾಗಿ ಇದೆ" ಅಂತ ಕೆಲವೇ ಪ್ರೋಗ್ರಾಂಗಳಿಗೆ ಗುರುತು ಕಳಿಸಬಹುದು. ಇಂಟರ್ನಲ್ ಮೆಡಿಸಿನ್‌ನಲ್ಲಿ 3 ಗೋಲ್ಡ್ (ಎಲ್ಲಕ್ಕಿಂತ ಇಷ್ಟದ ಕಡೆಗೆ), 12 ಸಿಲ್ವರ್. ನೂರಾರು ಅರ್ಜಿ ರಾಶಿ ಬಿದ್ದಿರುವಾಗ ಸಿಗ್ನಲ್ ಕಳಿಸಿದವರನ್ನು ಮೊದಲು ತೆಗೆದು ನೋಡುವುದು ಈಗ ಸಾಮಾನ್ಯ. ನಮ್ಮವರು ಹೆಸರು ಕೇಳಿದ ದೊಡ್ಡ ದೊಡ್ಡ ಯೂನಿವರ್ಸಿಟಿಗಳಿಗೇ ಎಲ್ಲಾ ಗೋಲ್ಡ್ ಸುರಿದುಬಿಡುತ್ತಾರೆ. ಆ ಪ್ರೋಗ್ರಾಂನ ಈಗಿನ ರೆಸಿಡೆಂಟ್‌ಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಹೊರದೇಶದಲ್ಲಿ ಓದಿದವರು ಒಬ್ಬರೂ ಇಲ್ಲದ ಕಡೆ ಗೋಲ್ಡ್ ಕಳಿಸಿ ಏನು ಪ್ರಯೋಜನ? ವೀಸಾ ಕೊಡುತ್ತಾರಾ, ಯಾವುದು ಕೊಡುತ್ತಾರೆ, ಎಷ್ಟು ವರ್ಷದ ಹಿಂದೆ ಪಾಸಾದವರನ್ನು ತೆಗೆದುಕೊಳ್ಳುತ್ತಾರೆ, ಇದನ್ನೆಲ್ಲ ನೋಡಿ ಕಳಿಸಬೇಕು.

ಜೊತೆಗೆ ಒಂದು ವಿನಂತಿ. ಕೈಯಲ್ಲಿ ಬೇಕಾದಷ್ಟು ಕರೆಗಳಿದ್ದು, ನೀವು ಖಂಡಿತ ಹೋಗದ ಜಾಗದ ಸಂದರ್ಶನ ಇದ್ದರೆ ಮುಂಚೆಯೇ ರದ್ದು ಮಾಡಿ. ಕೊನೇ ದಿನ ಅಲ್ಲ, ಎರಡು ವಾರ ಮುಂಚೆ. ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ.

ಥೇಮ್ಸ್‌ದಂಡೆ:

ನಾನು ಇಂಗ್ಲೆಂಡಿನಿಂದ. ಇಲ್ಲಿಯ ಕಥೆ ಕೇಳಿ. ಇಲ್ಲೂ 2020ರಲ್ಲಿ ಮುಖಾಮುಖಿ ನಿಂತಿತು, ಮೆಡಿಸಿನ್ ಸರ್ಜರಿ ಟ್ರೇನಿಂಗ್ ಸಂದರ್ಶನಗಳು ಈಗಲೂ ಆನ್‌ಲೈನ್. ಆದರೆ ಅಮೆರಿಕದ ಹಾಗೆ ಹರಟೆ ರೀತಿ ಇರಲ್ಲ. ಎಲ್ಲರಿಗೂ ಅದೇ ಥರದ ಕೇಸು, ಅದೇ ಥರದ ಎಥಿಕ್ಸ್ ಪ್ರಶ್ನೆ, ಗಡಿಯಾರ ಇಟ್ಟು ಅಂಕ. ಜಿಪಿ (ಫ್ಯಾಮಿಲಿ ಡಾಕ್ಟರ್) ಟ್ರೇನಿಂಗ್‌ಗೆ ಸಂದರ್ಶನವೇ ಇಲ್ಲ, ಎಂಎಸ್‌ಆರ್‌ಎ ಅನ್ನುವ ಕಂಪ್ಯೂಟರ್ ಪರೀಕ್ಷೆ ಒಂದೇ. ಪೈಪೋಟಿ ಮಾತ್ರ ವಿಪರೀತ. 2025ರಲ್ಲಿ ಸುಮಾರು 10 ಸಾವಿರ ಜಾಗಕ್ಕೆ 30 ಸಾವಿರಕ್ಕೂ ಹೆಚ್ಚು ಜನ. ಇಲ್ಲೇ ಓದಿದವರಿಗೆ ಆದ್ಯತೆ ಕೊಡುತ್ತೇವೆ ಅಂತ ಸರ್ಕಾರ ಆ ವರ್ಷವೇ ಹೇಳಿತು. ಹೊರದೇಶದಲ್ಲಿ ಓದಿದವರಿಗೆ ಇರುವ ಪ್ಲ್ಯಾಬ್ ಪರೀಕ್ಷೆ ಬರೆದು ಬರುವ ಯೋಚನೆ ಇರುವವರು ಇದನ್ನು ನೋಡಿಕೊಂಡೇ ಹೆಜ್ಜೆ ಇಡಿ.

ಬಿಸಿಲನಾಡು:

ಸರ್, ತಾಂತ್ರಿಕ ವಿಷಯ ಸ್ವಲ್ಪ ಹೇಳಿ. ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮನೆಯಲ್ಲಿ ಸಂದರ್ಶನ ಕೊಡಲಾ, ಕಲಬುರಗಿಯಲ್ಲಿ ಹೋಟೆಲ್ ರೂಮ್ ಮಾಡಲಾ?

ಕಾಫಿಸೀಮೆ:

ಇದಕ್ಕೆ ನಾನು ಹೇಳುತ್ತೇನೆ, ಮಲೆನಾಡಿನ ಮಳೆಗಾಲದ ಕರೆಂಟ್ ನೋಡಿದವಳು. ಲ್ಯಾಪ್‌ಟಾಪ್ ಫುಲ್ ಚಾರ್ಜ್ ಇದ್ದರೂ ರೌಟರ್ ಸತ್ತರೆ ಕಥೆ ಮುಗಿಯಿತು. ರೌಟರ್‌ಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ, ತಗೊಳ್ಳಿ. ಬೇರೆ ಕಂಪನಿಯ ಸಿಮ್ ಇರುವ ಫೋನ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಪಕ್ಕದಲ್ಲಿಡಿ, ಲ್ಯಾಪ್‌ಟಾಪ್ ಅದಕ್ಕೆ ಮುಂಚೆಯೇ ಒಮ್ಮೆ ಕನೆಕ್ಟ್ ಆಗಿರಲಿ. ಕೋಆರ್ಡಿನೇಟರ್ ಇಮೇಲ್, ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಸಂಪರ್ಕ ತಪ್ಪಿದರೆ ಗಾಬರಿ ಬೇಡ, ಮತ್ತೆ ಸೇರಿ ಒಂದು ವಾಕ್ಯದಲ್ಲಿ ಕ್ಷಮೆ ಕೇಳಿ ಮುಂದಕ್ಕೆ ಹೋಗಿ. ಹತ್ತು ಸಲ ಸಾರಿ ಅನ್ನುವುದೇ ಜಾಸ್ತಿ ಕಿರಿಕಿರಿ.

ಸಮಯದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನ್ಯೂಯಾರ್ಕ್‌ನ ಬೆಳಿಗ್ಗೆ 8 ಅಂದರೆ ಅಕ್ಟೋಬರ್‌ನಲ್ಲಿ ನಮ್ಮ ಸಂಜೆ 5:30, ಅದಾದ ಮೇಲೆ 6:30. ಚಿಕಾಗೋದ 8 ಅಂದರೆ ಆಗ 7:30. ಕ್ಯಾಲಿಫೋರ್ನಿಯಾದವರು ಮಧ್ಯಾಹ್ನ 1ಕ್ಕೆ ಕರೆದರೆ ನಿಮಗೆ ರಾತ್ರಿ 2:30, ಅದೂ ಮಾರನೇ ದಿನದ ತಾರೀಕು. ಹಿಂದಿನ ಸಂಜೆಯ ರೆಸಿಡೆಂಟ್ ಭೇಟಿ ನ್ಯೂಯಾರ್ಕ್ ಸಮಯ 6ಕ್ಕೆ ಇಟ್ಟರೆ ನಿಮಗೆ ಬೆಳಗಿನ ಜಾವ 4:30. ಆ ಹೊತ್ತಿಗೆ ಎದ್ದು ಮುಖ ತೊಳೆದು ಲೈಟ್ ಹಾಕಿಕೊಂಡು ಕೂರಬೇಕು. ಮನೆಯವರಿಗೆ ಮುಂಚೆಯೇ ಹೇಳಿಡಿ. ಮಿಕ್ಸಿ, ಕುಕ್ಕರ್ ಸೀಟಿ, ಟಿವಿ ಧಾರಾವಾಹಿ, ಮೂರೂ ಸರಿಯಾಗಿ ಸಂಜೆ ಏಳಕ್ಕೇ ಶುರುವಾಗುವುದು.

ತುಂಗಾತೀರ:

ಎಲ್ಲಾ ಸರಿಯಾಗಿ ಹೇಳಿದ್ದೀರಿ ಮೇಡಂ. ಎರಡು ಸೇರಿಸುತ್ತೇನೆ.

ಜೂಮ್‌ನಲ್ಲಿ ನಿಮ್ಮ ಹೆಸರು ಅರ್ಜಿಯಲ್ಲಿ ಇರುವ ಹಾಗೇ ಕಾಣಲಿ. ಅಪ್ಪನ ಲ್ಯಾಪ್‌ಟಾಪ್ ತಂದು ಅಪ್ಪನ ಹೆಸರಲ್ಲೇ ಸೇರಿಕೊಂಡವರಿದ್ದಾರೆ. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಊರ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿರುತ್ತದೆ, ಅವರು ಅದನ್ನೇ ಹಿಡಿದು ಕರೆಯುತ್ತಾರೆ. ಏನಂತ ಕರೆಯಬೇಕು ಅನ್ನುವುದನ್ನು ಶುರುವಿನಲ್ಲೇ ನಗುತ್ತಾ ಹೇಳಿಬಿಡಿ.

ಎರಡನೆಯದು ಗಂಭೀರ. ಪರದೆಯ ಮೇಲೆ ಉತ್ತರ ಇಟ್ಟುಕೊಂಡು ಓದುವುದು ನಮಗೆ ಗೊತ್ತಾಗುತ್ತದೆ. ಕಣ್ಣು ಎಡದಿಂದ ಬಲಕ್ಕೆ ಓಡುತ್ತದೆ, ದನಿ ಸಪಾಟಾಗುತ್ತದೆ. ಈಗ ಎಐ ಹತ್ತಿರ ಬರೆಸಿಕೊಂಡು ಓದುವವರು ಜಾಸ್ತಿಯಾಗಿದ್ದಾರೆ, ಒಂದೇ ದಿನ ಮೂರು ಜನ ಒಂದೇ ಥರದ ಉತ್ತರ ಕೊಟ್ಟರೆ ನಾವು ಏನಂದುಕೊಳ್ಳಬೇಕು? ಪ್ರಾಮಾಣಿಕತೆಯ ಬಗ್ಗೆ ಅನುಮಾನ ಬಂದ ಮೇಲೆ ಬೇರೆ ಯಾವುದೂ ಉಳಿಯಲ್ಲ. ಬೇಕಿದ್ದರೆ ಕ್ಯಾಮೆರಾ ಪಕ್ಕ ಒಂದು ಚೀಟಿ ಅಂಟಿಸಿ ನಾಲ್ಕು ಪದ ಬರೆದುಕೊಳ್ಳಿ. ಅಷ್ಟು ಸಾಕು.

ಹೋಟೆಲ್ ರೂಮ್ ಬೇಡ ತಮ್ಮಾ. ಗೋಡೆ ಮುಂದೆ ಕುರ್ಚಿ, ಎದುರಿಗೆ ಒಂದು ಲೈಟು, ಮುಚ್ಚುವ ಬಾಗಿಲು. ಹಿಂದೆ ದೇವರ ಪಟ ಇದೆ, ಗೋಡೆ ಬಣ್ಣ ಹೋಗಿದೆ ಅಂತ ಯಾರೂ ಅಂಕ ಕಳೆಯುವುದಿಲ್ಲ. ಆ ದುಡ್ಡಿನಲ್ಲಿ ಯುಪಿಎಸ್ ತಗೋ.

ಗುಡ್ಡದಮನೆ:

ಎಲ್ಲರಿಗೂ ನಮಸ್ಕಾರ. ನಾನು ಪೀಡಿಯಾಟ್ರಿಕ್ಸ್‌ಗೆ ಅರ್ಜಿ ಹಾಕಿದ್ದೇನೆ, ನಮ್ಮವರು ಇಂಟರ್ನಲ್ ಮೆಡಿಸಿನ್, ಇಬ್ಬರೂ ಕಪಲ್ಸ್ ಮ್ಯಾಚ್, ಅಂದರೆ ಜೋಡಿಯಾಗಿ ಒಟ್ಟಿಗೆ ಪಟ್ಟಿ ಕೊಡುವವರು. ಮೊನ್ನೆ ಒಂದು ಸಂದರ್ಶನದಲ್ಲಿ ಒಬ್ಬರು "ಮಕ್ಕಳು ಮಾಡಿಕೊಳ್ಳುವ ಪ್ಲಾನ್ ಇದೆಯಾ, ಮತ್ತೆ ಎಲ್ಲೆಲ್ಲಿ ಸಂದರ್ಶನ ಇದೆ" ಅಂತ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ, ನಕ್ಕು ಸುಮ್ನಾದೆ. ಅವತ್ತಿನಿಂದ ಮನಸ್ಸಿಗೆ ಕಿರಿಕಿರಿ. ಉತ್ತರ ಕೊಡದೇ ಇದ್ದದ್ದಕ್ಕೆ ರ‍್ಯಾಂಕ್ ಕೆಳಗೆ ಹಾಕಿಬಿಡುತ್ತಾರಾ?

ತುಂಗಾತೀರ:

ನೀವು ಏನೂ ತಪ್ಪು ಮಾಡಿಲ್ಲಮ್ಮಾ. ತಪ್ಪು ಅವರದು. ಮದುವೆ, ಮಕ್ಕಳು, ಧರ್ಮ, ವಯಸ್ಸು, ಇವನ್ನು ಕೇಳುವ ಹಾಗಿಲ್ಲ. ಬೇರೆ ಎಲ್ಲಿ ಅರ್ಜಿ ಹಾಕಿದ್ದೀರಿ, ನಮ್ಮನ್ನು ಎಷ್ಟನೇ ರ‍್ಯಾಂಕ್ ಮಾಡುತ್ತೀರಿ ಅಂತ ಕೇಳುವುದಕ್ಕೂ ಮ್ಯಾಚ್ ನಡೆಸುವ ಸಂಸ್ಥೆ ಎನ್‌ಆರ್‌ಎಂಪಿಯ ನಿಯಮದಲ್ಲಿ ಅವಕಾಶ ಇಲ್ಲ. ಮತ್ತೆ ಯಾರಾದರೂ ಕೇಳಿದರೆ "ನನ್ನ ಕೆಲಸಕ್ಕೆ ಇದರಿಂದ ಏನೂ ತೊಂದರೆ ಆಗಲ್ಲ, ಟ್ರೇನಿಂಗ್ ಪೂರ್ತಿ ಮುಗಿಸುತ್ತೇನೆ" ಅಂತ ಶಾಂತವಾಗಿ ಹೇಳಿ, ತಕ್ಷಣ ಅವರ ಪ್ರೋಗ್ರಾಂ ಬಗ್ಗೆ ಒಂದು ಪ್ರಶ್ನೆ ಕೇಳಿ. ಮಾತು ಆ ಕಡೆ ತಿರುಗುತ್ತದೆ. ಎನ್‌ಆರ್‌ಎಂಪಿಗೆ ದೂರು ಕೊಡುವ ದಾರಿಯೂ ಇದೆ. ಕಪಲ್ಸ್ ಮ್ಯಾಚ್ ವಿಷಯ ನೀವಾಗಿಯೇ ಹೇಳುವುದಕ್ಕೆ ಅಡ್ಡಿಯಿಲ್ಲ, ಹೇಳಿದರೆ ಎಷ್ಟೋ ಸಲ ಇನ್ನೊಂದು ವಿಭಾಗದವರು ಸಂಗಾತಿಯ ಅರ್ಜಿಯನ್ನೂ ತೆಗೆದು ನೋಡುತ್ತಾರೆ.

ಕಾಫಿಸೀಮೆ:

ಗುಡ್ಡದಮನೆಯವರೇ, ನನಗೂ ಇಂಥದ್ದೇ ಪ್ರಶ್ನೆ ಬಂದಿತ್ತು. ಆ ಜಾಗವನ್ನು ನಾನೇ ನನ್ನ ಪಟ್ಟಿಯಲ್ಲಿ ಕೆಳಗೆ ಹಾಕಿದೆ. ಸಂದರ್ಶನದಲ್ಲೇ ಹೀಗೆ ಕೇಳುವವರು ಮುಂದೆ ರಜೆ ಕೇಳಿದಾಗ ಹೇಗೆ ನಡೆದುಕೊಳ್ಳುತ್ತಾರೆ ಅಂತ ಯೋಚನೆ ಮಾಡಿ. ಆಯ್ಕೆ ನಮ್ಮ ಕೈಯಲ್ಲೂ ಇದೆ.

ಬಯಲುಸೀಮೆ:

ಇದನ್ನೆಲ್ಲ ಓದಿ ಧೈರ್ಯ ಬರುತ್ತದೆ, ಅದೇ ಹೊತ್ತಿಗೆ ಭಯವೂ ಆಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸದಾಗಿ ಬರುವವರ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಆಯಿತು. ಇಂಥ ಹೊತ್ತಲ್ಲಿ ಸಾಲ ಮಾಡಿ ಈ ದಾರಿ ಹಿಡಿಯುವುದು ಸರಿಯಾ? ಮನೆಯಲ್ಲಿ ಅಪ್ಪ ನೀಟ್ ಪಿಜಿ ಬರಿ ಅನ್ನುತ್ತಿದ್ದಾರೆ.

ತುಂಗಾತೀರ:

ಅಪ್ಪ ಹೇಳುವುದರಲ್ಲಿ ಅರ್ಥ ಇದೆ. ಅದನ್ನು ತಳ್ಳಿಹಾಕಬೇಡಿ.

ಅಂಕಿ ನೋಡಿ ನಿರ್ಧಾರ ಮಾಡಿ. 2025ರ ಮ್ಯಾಚ್‌ನಲ್ಲಿ ಅಮೆರಿಕದಲ್ಲೇ ಎಂಡಿ ಓದಿದ ಫೈನಲ್ ಇಯರ್‌ನವರಲ್ಲಿ 93.5% ಜನಕ್ಕೆ ಜಾಗ ಸಿಕ್ಕಿತು. ನಮ್ಮ ಹಾಗೆ ಹೊರದೇಶದ ಪ್ರಜೆಗಳಾಗಿ ಹೊರಗೆ ಓದಿದವರಲ್ಲಿ 58%. ಅಂದರೆ ಪರೀಕ್ಷೆ ಎಲ್ಲಾ ಮುಗಿಸಿ, ಸಂದರ್ಶನ ಕೊಟ್ಟು, ಪಟ್ಟಿ ಸಲ್ಲಿಸಿದವರಲ್ಲೂ ಹತ್ತಕ್ಕೆ ನಾಲ್ಕು ಜನ ಖಾಲಿ ಕೈಯಲ್ಲಿ ಉಳಿದರು. ವೀಸಾ ಮಟ್ಟಿಗೆ, ನಮ್ಮವರು ಹೆಚ್ಚಾಗಿ ಬರುವುದು ಜೆ-1ರಲ್ಲಿ, ಆ ಒಂದು ಲಕ್ಷದ ಶುಲ್ಕ ಅದಕ್ಕಲ್ಲ. ಆದರೆ ಜೆ-1ಗೆ ಟ್ರೇನಿಂಗ್ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲವೇ ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ದುಡಿದು ವಿನಾಯಿತಿ ಪಡೆಯಬೇಕು. ಇದನ್ನೆಲ್ಲ ಮನೆಯವರ ಮುಂದೆ ಕೂತು ಹೇಳಿ. ಸಾಲ ಮಾಡುವುದಾದರೆ ಒಂದು ವರ್ಷ ಮ್ಯಾಚ್ ಆಗದೇ ಹೋದರೂ ತಡೆದುಕೊಳ್ಳುವಷ್ಟೇ ಮಾಡಿ.

ಬಿಸಿಲನಾಡು:

ಸರ್, ಕೊನೇ ಪ್ರಶ್ನೆ. ಸಂದರ್ಶನ ಆದ ಮೇಲೆ ಥ್ಯಾಂಕ್ಯೂ ಇಮೇಲ್ ಕಳಿಸಬೇಕಾ? ಮತ್ತೆ ರ‍್ಯಾಂಕ್ ಪಟ್ಟಿ ಮಾಡುವಾಗ "ನನಗೆ ಸಿಗುವ ಸಾಧ್ಯತೆ ಇರುವ" ಪ್ರೋಗ್ರಾಂ ಮೇಲೆ ಹಾಕಬೇಕು, ಇಲ್ಲದಿದ್ದರೆ ಮೇಲಿನ ಸಾಲು ವ್ಯರ್ಥ ಅಂತ ಒಬ್ಬ ಸೀನಿಯರ್ ಹೇಳಿದರು.

ತುಂಗಾತೀರ:

ಇಮೇಲ್ ಬೇಡ ಅಂತ ಆ ಪ್ರೋಗ್ರಾಂನವರೇ ಹೇಳಿದ್ದರೆ ಕಳಿಸಬೇಡ. ಹೇಳಿಲ್ಲ ಅಂದರೆ ಮೂರು ನಾಲ್ಕು ಸಾಲು, ಮಾತಾಡಿದ ಯಾವುದಾದರೂ ವಿಷಯ ನೆನೆದು ಬರೆ. ಅದರಿಂದ ರ‍್ಯಾಂಕ್ ಮೇಲೇರುತ್ತದೆ ಅಂದುಕೊಳ್ಳಬೇಡ, ಅದು ಬರೀ ಸೌಜನ್ಯ. "ನೀವೇ ನನ್ನ ನಂಬರ್ ಒನ್" ಅಂತ ನಾಲ್ಕು ಕಡೆ ಕಳಿಸುವುದು ಬೇಡವೇ ಬೇಡ. ಫ್ಯಾಕಲ್ಟಿಗಳು ಒಬ್ಬರಿಗೊಬ್ಬರು ಪರಿಚಯ ಇರುತ್ತಾರೆ.

ರ‍್ಯಾಂಕ್ ಬಗ್ಗೆ ಆ ಸೀನಿಯರ್ ಹೇಳಿದ್ದು ತಪ್ಪು. ಇದು ಮುಖ್ಯ, ಎಲ್ಲರೂ ಗಮನ ಕೊಡಿ. ಮ್ಯಾಚ್ ಲೆಕ್ಕಾಚಾರವನ್ನು 1990ರ ದಶಕದ ಕೊನೆಯಲ್ಲಿ ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅಭ್ಯರ್ಥಿಗಳ ಕಡೆಯಿಂದ ಶುರುವಾಗುವ ಹಾಗೆ ಹೊಸದಾಗಿ ಕಟ್ಟಿದರು. ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅದರ ಹಿಂದೆ ಈ ಥರದ ಕೆಲಸವೂ ಇದೆ. ಅದು ಮೊದಲು ನಿನ್ನ ಒಂದನೇ ಆಯ್ಕೆಯಲ್ಲಿ ಜಾಗ ಹುಡುಕುತ್ತದೆ. ಅಲ್ಲಿ ಆಗಲಿಲ್ಲ ಅಂದರೆ ಎರಡನೆಯದು, ಮೂರನೆಯದು. ಮೇಲಿನದ್ದು ಸಿಗಲಿಲ್ಲ ಅಂತ ಕೆಳಗಿನದ್ದರಲ್ಲಿ ನಿನ್ನ ಅವಕಾಶ ಒಂದಿಷ್ಟೂ ಕಡಿಮೆಯಾಗಲ್ಲ. ಹಾಗಾಗಿ ನಿಜವಾಗಿ ಎಲ್ಲಿಗೆ ಹೋಗೋಕೆ ಇಷ್ಟವೋ ಅದೇ ಕ್ರಮದಲ್ಲಿ ಹಾಕು. ಹೋಗಿ ಇರಲಾರೆ ಅನ್ನಿಸುವ ಜಾಗವನ್ನು ಮಾತ್ರ ಪಟ್ಟಿಗೆ ಸೇರಿಸಬೇಡ, ಯಾಕೆಂದರೆ ಮ್ಯಾಚ್ ಆದರೆ ಹೋಗಲೇಬೇಕು.

ಒಂದು ಕೆಲಸ ಮಾಡೋಣ. ಅಣಕು ಸಂದರ್ಶನ ಬೇಕಾದವರು ನಿಮ್ಮ ವಿಭಾಗ ಮತ್ತು ಬಿಡುವಿನ ಹೊತ್ತು ಇಲ್ಲಿ ಬರೆಯಿರಿ. ಕಾಫಿಸೀಮೆ ಮೇಡಂ, ಹಳೇಬ್ಯಾಚ್ ಸರ್, ನೀವಿಬ್ಬರೂ ಕೈಜೋಡಿಸಿದರೆ ಶನಿವಾರ ಭಾನುವಾರ ಹಂಚಿಕೊಂಡು ಮಾಡಬಹುದು.

ಹಳೇಬ್ಯಾಚ್:

ಶನಿವಾರ ನನಗಿರಲಿ. ಇಲ್ಲಿಯ ಬೆಳಿಗ್ಗೆ, ನಿಮ್ಮ ಸಂಜೆ. ಕಲಬುರಗಿ ಹುಡುಗನಿಂದ ಶುರು ಮಾಡೋಣ, ಅಟ್ರೊಪಿನ್ ಕಥೆಯನ್ನು ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳುವುದು ಮೊದಲ ಅಭ್ಯಾಸ.

ಗುಡ್ಡದಮನೆ:

ಪೀಡಿಯಾಟ್ರಿಕ್ಸ್, ಭಾನುವಾರ ಸಂಜೆ 7ರ ನಂತರ. ನಮ್ಮವರನ್ನೂ ಸೇರಿಸಿಕೊಳ್ಳಿ.